ಮುಚ್ಚಿದ ಬಾಗಿಲ ಭಾರ

ಬೆಳಗಿನ ಜಾವದ ನಾಲ್ಕು ಗಂಟೆಯ ಸುಮಾರಿನಲ್ಲಿ, ಚನ್ನಗಿರಿಯ ನಮ್ಮ ಬೀದಿಯಲ್ಲಿ ಹಾಲಿನವರ ಸಂಚಾರವೂ ಆರಂಭವಾಗದಿದ್ದ ಆ ನಿಶ್ಶಬ್ದದಲ್ಲಿ, ಮನೆಯ ಕೆಳಗಣ ಗಾಡಿಯ ಕೋಣೆಯಿಂದ ತೆಂಗಿನಕಾಯಿಯನ್ನು ಬಂಡೆಗೆ ಅಪ್ಪಳಿಸಿದಂತಹ ಒಂದೇ ಒಂದು ಶಬ್ದವೂ, ಅದರ ಬೆನ್ನಿಗೇ ತಗಡು ನಡುಗಿದ ಝಣತ್ಕಾರವೂ ಕೇಳಿಬಂದು, ಅನಂತರ ಎಲ್ಲವೂ ಮೊದಲಿನಂತೆ ಶಾಂತವಾಯಿತು. ಟಾರ್ಚು ಹಿಡಿದು ಒಳಮೆಟ್ಟಿಲಿಳಿದು ನೋಡಿದೆ. ರೋಲಿಂಗ್ ಷಟರು ರಾತ್ರಿ ನಾನು ಎಳೆದಂತೆಯೇ ನೆಲವನ್ನು ಮುಟ್ಟಿ ನಿಂತಿತ್ತು. ಒಳಗಿನ ಕಾರಾಗಲಿ, ಗೋಡೆಗೆ ಒರಗಿಸಿದ್ದ ಅಡಿಕೆಯ ಚೀಲಗಳಾಗಲಿ ಅಲುಗಿರಲಿಲ್ಲ. ಬೆಕ್ಕಿನ ಕೆಲಸವಿರಬೇಕೆಂದು ಹೋಗಿ ಮಲಗಿದೆ.

ನ್ಯಾಮತಿಯಲ್ಲಿ ಆ ದಿನ ತಂಗಿಯ ಮೊಮ್ಮಗುವಿನ ನಾಮಕರಣ. ಹತ್ತೂವರೆಗೆ ಮುಹೂರ್ತ. ಎಂಟು ಗಂಟೆಗೆ ಸಿದ್ಧನಾಗಿ ಬಂದು, ನಿತ್ಯವೂ ಎರಡು ಬೆರಳು ತಗುಲಿಸಿದರೆ ಸಾಕು, ತಾನೇ ತಾನಾಗಿ ಮೇಲೇರಿಹೋಗುತ್ತಿದ್ದ ಆ ಷಟರನ್ನು ಎತ್ತಹೋದರೆ, ಅದು ಬಂಡೆಯಷ್ಟು ಭಾರವಾಗಿ, ಒಂದು ಗೇಣು ಎದ್ದು, ಎಡಕ್ಕೆ ಓರೆಯಾಗಿ ಕಚ್ಚಿಕೊಂಡು ನಿಂತುಬಿಟ್ಟಿತು. ನನಗೆ ಬಂದ ಕೋಪವನ್ನು ಹೇಳತೀರದು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಗಳಿಗೆ ಬದುಕಿನಲ್ಲಿ ಒಮ್ಮೆ ಬರತಕ್ಕದ್ದು. ಅದಕ್ಕೆ ಒಂದು ತಗಡಿನ ಬಾಗಿಲು ಅಡ್ಡವಾಗುವುದೆಂದರೇನು?

ಇಂತಹ ಸಂದರ್ಭದಲ್ಲಿ ಮಾಡಬೇಕಾದುದು ಎಲ್ಲರಿಗೂ ತಿಳಿದದ್ದೇ: ಬಲವಂತವಾಗಿ ಎತ್ತಬಾರದು, ಮಕ್ಕಳನ್ನು ಹತ್ತಿರ ಬಿಡಬಾರದು, ಮೇಸ್ತ್ರಿಗೆ ಹೇಳಿಕಳುಹಿಸಬೇಕು. ಮೇಸ್ತ್ರಿ ಬಂದದ್ದು ಹನ್ನೊಂದಕ್ಕೆ. ಜಗಳೂರಿನ ಕಡೆಯವನು, ಮಳೆಯಿಲ್ಲದ ಹೊಲವನ್ನು ಅಣ್ಣಂದಿರಿಗೆ ಬಿಟ್ಟು, ದಾವಣಗೆರೆಯಲ್ಲಿ ಈ ಕೆಲಸ ಕಲಿತವನು. ಏಣಿ ಹತ್ತಿ, ಮೇಲಿನ ಕೊಳವೆಗೆ ಪೋಣಿಸಿದ ಎರಡು ದುಂಡು ಡಬ್ಬಿಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ಬಾವಿಯೊಳಗಿನ ಸದ್ದನ್ನು ಆಲಿಸುವವನಂತೆ ಕಿವಿಗೊಟ್ಟು, "ಒಂದು ಸ್ಪ್ರಿಂಗು ಕಟ್ಟಾಗೈತೆ ಸಾಮಿ. ಎಳಿಬ್ಯಾಡ್ರಿ, ಪೂರ್ತಿ ಭಾರ ಈಗ ಇನ್ನೊಂದರ ಮ್ಯಾಲೆ ಐತೆ" ಎಂದ.

ಆ ಡಬ್ಬಿಗಳೊಳಗೆ ಗಡಿಯಾರದಲ್ಲಿರುವಂತಹದೇ, ಆದರೆ ಎರಡು ಬೆರಳಗಲದ, ಉಕ್ಕಿನ ಪಟ್ಟಿಯ ಸುರುಳಿಯಿದೆ. ಷಟರು ಇಳಿಯುತ್ತಿದ್ದಂತೆ ಅದರ ತೂಕವೇ ಸುರುಳಿಯನ್ನು ಬಿಗಿದು ಸುತ್ತುತ್ತದೆ. ಏರಿಸುವಾಗ ಆ ಬಿಗಿತವೇ ಬಿಚ್ಚಿಕೊಂಡು ನಮ್ಮ ಕೈಗೆ ಸಹಾಯವಾಗುತ್ತದೆ. ಹಾಗಾದರೆ ಇಷ್ಟು ವರ್ಷ ನಾನು ಎತ್ತುತ್ತಿದ್ದೆನೆಂದು ತಿಳಿದಿದ್ದ ಬಾಗಿಲನ್ನು ನಿಜವಾಗಿ ಎತ್ತುತ್ತಿದ್ದವರು ಯಾರೆಂಬುದು ಆ ಬೆಳಿಗ್ಗೆ ಗೊತ್ತಾಯಿತು. ಉಳಿದ ಸುರುಳಿಯ ಬಿಗುವನ್ನು ಇಳಿಸುವಾಗ ಮೇಸ್ತ್ರಿಯೂ ಅವನ ಹುಡುಗನೂ ಮುಖವನ್ನು ಬದಿಗೆ ತಿರುಗಿಸಿಕೊಂಡು, ಕೊಳವೆಗೆ ಹಾರೆ ಕೊಟ್ಟು, ಒಂದೊಂದೇ ಸುತ್ತನ್ನು ಹಗ್ಗ ಬಿಡುವಂತೆ ಬಿಟ್ಟುಕೊಟ್ಟರು. ಕೈ ಜಾರಿದರೆ ತೋಳು ಮುರಿಯುವುದಂತೆ.

ತುಂಡಾದ ಪಟ್ಟಿಯನ್ನು ಅವನು ನನ್ನ ಅಂಗೈಯಲ್ಲಿಟ್ಟ. ಮುರಿದ ಅಂಚಿನ ಮುಕ್ಕಾಲು ಪಾಲು ಕಾಫಿಯ ಗಸಿಯಂತೆ ಕಂದಾಗಿತ್ತು. ಉಳಿದ ಕಾಲು ಭಾಗ ಮಾತ್ರ ಆಗತಾನೇ ಒಡೆದ ಕಲ್ಲುಸಕ್ಕರೆಯಂತೆ ಮಿನುಗುತ್ತಿತ್ತು. "ಕೆಂಪಗಿರೋದು ಹಳೇ ಬಿರುಕು. ಈ ಬೆಳ್ಳಗಿರೋದಷ್ಟೇ ಇವತ್ತಿಂದು" ಎಂದ. ಎಷ್ಟು ಮಳೆಗಾಲಗಳಿಂದಲೋ ಆ ಬಿರುಕಿನೊಳಗೆ ತೇವ ಇಳಿದು, ತುಕ್ಕು ಹಿಡಿದು, ಉಳಿದ ಒಂದು ಎಳೆಯ ಮೇಲೆ ಅದು ತನ್ನ ಕೆಲಸವನ್ನು ಲೋಪವಿಲ್ಲದೆ ನಡೆಸಿಕೊಂಡು ಬಂದಿತ್ತು. ನನ್ನ ಕೋಪ ಅಲ್ಲಿಗೆ ಇಳಿಯಿತು.

ಆದರೂ ಒಂದು ಸಂಶಯ ಉಳಿದಿತ್ತು. ಯಾರೂ ಮುಟ್ಟದ ಅಪರಾತ್ರಿಯಲ್ಲಿ ಅದು ಏಕೆ ಮುರಿಯಬೇಕು? ಮೇಸ್ತ್ರಿ ಹೇಳಿದ: ಬಾಗಿಲು ಮೇಲಿರುವಾಗ ಸುರುಳಿ ಸಡಿಲ, ಕೆಳಗಿಳಿದು ಮುಚ್ಚಿರುವಾಗಲೇ ಪೂರ್ತಿ ಬಿಗಿ. ಎಂದರೆ, ಬೀಗ ಹಾಕಿ ದೀಪವಾರಿಸಿ, ಬಾಗಿಲೂ ನಮ್ಮಂತೆ ವಿಶ್ರಮಿಸುತ್ತಿದೆಯೆಂದು ನಾವು ನಂಬಿರುವ ಆ ಹೊತ್ತೇ ಅದಕ್ಕೆ ಪರಮಾವಧಿಯ ದುಡಿಮೆಯ ಹೊತ್ತು. ಈ ಮಾತು ನನ್ನನ್ನು ಬಿಡದೆ ಹಿಡಿದುಕೊಂಡಿತು.

ಇಷ್ಟು ದುಡಿಯತಕ್ಕ ವಸ್ತುವಿಗೆ ನಮ್ಮ ಭಾಷೆಯಲ್ಲಿ ನೆಲೆನಿಂತ ಒಂದು ಹೆಸರಿಲ್ಲವಲ್ಲ ಎಂಬುದು ನನ್ನ ಬಹುಕಾಲದ ವ್ಯಥೆ. ನೆರೆಯ ಭದ್ರಾವತಿಯಲ್ಲಿ 1923ರಿಂದ ಕಬ್ಬಿಣವನ್ನು ಕರಗಿಸಿದ ನಾಡು ನಮ್ಮದು; ಉಕ್ಕು ಎಂಬ ಅಚ್ಚ ಶಬ್ದವನ್ನು ಕಾಪಾಡಿಕೊಂಡು ಬಂದ ಭಾಷೆ ನಮ್ಮದು; ಆದರೆ ಉಕ್ಕು ಸುರುಳಿಯಾದೊಡನೆ ಸ್ಪ್ರಿಂಗಾಗಿಬಿಡುತ್ತದೆ. ಹಿಂದಿನವರು ಗಡಿಯಾರದ ಸುರುಳಿಗೆ ಕಮಾನು ಎನ್ನುತ್ತಿದ್ದರು. ಪಾರಸಿಯಲ್ಲಿ ಆ ಮಾತಿಗೆ ಬಿಲ್ಲೆಂದೇ ಅರ್ಥ. ಬಾಗಿಸಿದಷ್ಟೂ ಬಲವನ್ನು ಒಳಗಿಟ್ಟುಕೊಳ್ಳುವ ವಸ್ತುವಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದು? ಅದನ್ನು ಕೈಬಿಟ್ಟೆವು. ಆಂಗ್ಲ ವಿಜ್ಞಾನಿ ರಾಬರ್ಟ್ ಹುಕ್, ಎಳೆದಷ್ಟೂ ಎದುರೆಳೆತ ಹೆಚ್ಚುವುದೆಂಬ ನಿಯಮವನ್ನು ಕಂಡುಕೊಂಡು, ಬೇರೆಯವರು ತಮ್ಮದೆನ್ನದಿರಲೆಂದು 1676ರಲ್ಲಿ ಅದನ್ನು ಅಕ್ಷರಗಳ ಒಗಟಾಗಿ ಪ್ರಕಟಿಸಿ, 1678ರಲ್ಲಿ ಒಗಟನ್ನು ಬಿಡಿಸಿಟ್ಟ. ಆ ಗುಣಕ್ಕೆ ನಮ್ಮ ಪಾಠಪುಸ್ತಕಗಳು ಕೊಟ್ಟ ಹೆಸರು ಸ್ಥಿತಿಸ್ಥಾಪಕತ್ವ. ಪರೀಕ್ಷೆಗೆ ಕುಳಿತ ಹುಡುಗರು ಇದರ ಉದ್ದಕ್ಕೆ ಅಂಜುತ್ತಾರೆ. ನನಗಾದರೋ ಇದು ಮಂತ್ರದಂತಹ ಮಾತು. ಬಲ ತಗುಲಿ ರೂಪಗೆಟ್ಟದ್ದು ಬಲ ಹಿಂದೆಗೆದೊಡನೆ ತನ್ನ ಸ್ಥಿತಿಯನ್ನು ತಾನೇ ಮರಳಿ ಸ್ಥಾಪಿಸಿಕೊಳ್ಳುವ ಶಕ್ತಿ! ಮೇಸ್ತ್ರಿಗೆ ಈ ಪದವನ್ನು ಹೇಳಿ ಬಿಡಿಸಿ ತಿಳಿಸಿದೆ. ಅವನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, "ನಾವು ಅದಕ್ಕೆ ಜೀವ ಅಂತೀವಿ. ಇನ್ನೊಂದರಾಗೆ ಜೀವ ಐತೆ, ಬದಲಿಸೋದು ಬ್ಯಾಡ" ಎಂದ. ಎಷ್ಟು ಅಂದವಾದ ಮಾತು! ಆದರೆ ಮುರಿದದ್ದರ ಗೆಳೆಯನನ್ನು ನಂಬಲಾರದೆ ನಾನು ಎರಡನ್ನೂ ಬದಲಿಸಹೇಳಿದೆ.

ಹೊನ್ನಾಳಿಯಲ್ಲಿ ನಮ್ಮ ಅಜ್ಜಿಯ ಮನೆಯ ತಲೆಬಾಗಿಲಿಗೆ ಇಂತಹ ಯಾವ ಉಪಕರಣವೂ ಇರಲಿಲ್ಲ. ಹಲಸಿನ ಹಲಗೆಯ ಎರಡು ಕದಗಳು. ಪ್ರತಿಯೊಂದರ ಬುಡದಲ್ಲಿ ಕೆತ್ತಿದ ಮರದ ತಿರುಗುಣಿ. ಅದು ಕೂರುವುದಕ್ಕೆ ಹೊಸ್ತಿಲ ಬದಿಯ ಕಲ್ಲಿನಲ್ಲೊಂದು ಕುಳಿ. ಕದದ ಭಾರವೆಲ್ಲ ನೇರವಾಗಿ ಭೂಮಿಗೆ ಇಳಿಯುತ್ತಿತ್ತು. ಶನಿವಾರ ಮಕ್ಕಳ ನೆತ್ತಿಗೆ ಒತ್ತಿ ಉಳಿದ ಹರಳೆಣ್ಣೆಯನ್ನು ಅಜ್ಜಿ ಆ ಕುಳಿಗೆ ಎರಡು ತೊಟ್ಟು ಬಿಡುತ್ತಿದ್ದಳು, ಅದೂ ಮನೆಯ ಇನ್ನೊಂದು ಕೂಸೆಂಬಂತೆ. ಆಷಾಢದಲ್ಲಿ ತುಂಗಭದ್ರೆ ಏರಿ ಗಾಳಿಯೆಲ್ಲ ಒದ್ದೆಯಾದಾಗ ಹಲಗೆ ಉಬ್ಬಿ, ಕದ ಬಿಗಿದುಕೊಂಡು, ಭುಜ ಕೊಟ್ಟು ನೂಕಬೇಕಾಗುತ್ತಿತ್ತು. ಕಿರುಗುಟ್ಟುವ ಬಗೆಯಿಂದಲೇ, ಬಂದವನು ತಾತನೋ ಚಿಕ್ಕಪ್ಪನೋ ಎಂಬುದನ್ನು ಅಜ್ಜಿ ಅಡುಗೆಮನೆಯಿಂದಲೇ ಹೇಳುತ್ತಿದ್ದಳು. ಬಂದವನು ದಣಿದಿದ್ದಾನೆಯೇ ಎಂಬುದನ್ನೂ.

ಷಟರು ಎದ್ದು ನಿಲ್ಲುವ ಹೊತ್ತಿಗೆ ಮಧ್ಯಾಹ್ನ ಎರಡಾಗಿತ್ತು. ಹೆಸರಿಟ್ಟಾಯಿತೆಂದು ನ್ಯಾಮತಿಯಿಂದ ಫೋನು ಬಂದಿತು. ಹೊರಡಲು ಮನಸ್ಸಾಗದೆ, ಮನೆಯಲ್ಲಿ ಕೂರಲೂ ಆಗದೆ, ಕಾರನ್ನು ಸೂಳೆಕೆರೆಯ ಕಡೆಗೆ ತಿರುಗಿಸಿದೆ. ಶಾಂತವ್ವೆ ಎಂಬ ರಾಜಪುತ್ರಿ ಕಟ್ಟಿಸಿದಳೆಂದು ಐತಿಹ್ಯ ಹೇಳುವ, ಶಾಂತಿಸಾಗರವೆಂದೂ ಕರೆಯುವ ಆ ಕೆರೆಯ ಸುತ್ತಳತೆ 40 ಮೈಲಿಯೆಂದು ಹಳೆಯ ಗ್ಯಾಸೆಟಿಯರಿನಲ್ಲಿ ಬರೆದಿದೆ. ಅಷ್ಟು ನೀರನ್ನು ಹಿಡಿದು ನಿಲ್ಲಿಸಿರುವುದಾದರೋ ಎರಡು ಗುಡ್ಡಗಳ ನಡುವಣ ಒಂದು ಕಿರಿದಾದ ಏರಿ. ಶತಮಾನಗಳಿಂದ ಸಿದ್ಧ ನಾಲೆ, ಬಸವ ನಾಲೆಗಳೆಂಬ ಎರಡು ದಾರಿಗಳಲ್ಲಿ ಅದು ಗದ್ದೆತೋಟಗಳಿಗೆ ನೀರನ್ನು ಅಳೆದು ಕೊಡುತ್ತ ಬಂದಿದೆ. ಆ ಸಂಜೆ ನೀರಿನ ಮೇಲೆ ಒಂದು ನೆರಿಗೆಯೂ ಇರಲಿಲ್ಲ. ಹಿಂದೆ ಎಷ್ಟೋ ಸಲ ಅಲ್ಲಿ ನಿಂತು, ಆಹಾ ಎಂತಹ ವಿಶ್ರಾಂತಿ ಎಂದುಕೊಂಡಿದ್ದವನು, ಈ ಸಲ ನೀರನ್ನು ಬಿಟ್ಟು ಏರಿಯನ್ನೇ ನೋಡುತ್ತ ನಿಂತೆ.

ಏರಿಯ ಮೇಲೆ ಮುದುಕನೊಬ್ಬ ಬೀಡಿ ಸೇದುತ್ತ ಕುಳಿತಿದ್ದ. ಅವನ ಮನೆಯವರು ತಮ್ಮೂರ ಕೆರೆಗೆ ತಲೆಮಾರುಗಳಿಂದ ನೀರುಗಂಟಿಗಳಾಗಿದ್ದವರಂತೆ. ಮಳೆಗಾಲದಲ್ಲಿ ಕೋಡಿ ಬಿದ್ದು ನೀರು ಭೋರ್ಗರೆಯುವಾಗ ಭಯವಾಗುವುದಿಲ್ಲವೇ ಎಂದು ಕೇಳಿದೆ. "ಕೋಡಿ ಹರಿಯೋವಾಗ ನಮ್ಮಪ್ಪ ಮನೇಲಿ ಮಲಗೋನು" ಎಂದ. "ಕೆರೆ ತುಂಬಿ, ಇನ್ನೂ ಕೋಡಿ ಬೀಳದೆ, ಸುಮ್ಮನೆ ನಿಂತಿರತೈತಲ್ಲ, ಆವಾಗ ಕಂಬಳಿ ತಗಂಡು ಏರಿ ಮ್ಯಾಲೆ ಬರೋನು. ರಾತ್ರಿಯೆಲ್ಲ ಕಿವೀನ ಮಣ್ಣಿಗಿಟ್ಕಂಡು ಮಲಗೋನು."

ಏನು ಕೇಳಿಸುತ್ತಿತ್ತಂತೆ ಎಂದೆ. ಅವನು ಬೀಡಿಯನ್ನು ಕಲ್ಲಿಗೆ ಒತ್ತಿ ಆರಿಸಿ, "ಏನೂ ಕೇಳಬಾರದು, ಅದಕ್ಕೇ ಬರ್ತಿದ್ದ" ಎಂದು ಎದ್ದು ಹೋದ.