ಕಂಡದ್ದೋ, ಕಟ್ಟಿದ್ದೋ?

ಇಂಗ್ಲಿಷಿನ ‘ಡಿಸ್ಕವರ್’, ‘ಇನ್ವೆಂಟ್’ ಎರಡರ ಕೆಲಸವನ್ನೂ ಕನ್ನಡದಲ್ಲಿ ‘ಕಂಡುಹಿಡಿ’ ಒಂದೇ ನಿಭಾಯಿಸುತ್ತದೆ. ಕೊಲಂಬಸ್ ಅಮೆರಿಕವನ್ನು ಕಂಡುಹಿಡಿದ, ಎಡಿಸನ್ ಫೋನೋಗ್ರಾಫನ್ನು ಕಂಡುಹಿಡಿದ. ಅದರಿಂದಲೇ ಇಂಗ್ಲಿಷ್ ಬರೆಯುವಾಗ ನಮ್ಮ ಮಕ್ಕಳು ಒಂದರ ಜಾಗದಲ್ಲಿ ಇನ್ನೊಂದನ್ನು ಇಡುತ್ತಾರೆ. ಇದ್ದೂ ತಿಳಿಯದಿದ್ದುದನ್ನು ತಿಳಿದರೆ ಡಿಸ್ಕವರ್, ಇಲ್ಲದ್ದನ್ನು ಬುದ್ಧಿಯಿಂದ ಉಂಟುಮಾಡಿದರೆ ಇನ್ವೆಂಟ್. ಈ ಸೂತ್ರವನ್ನು ಬಾಯಿಪಾಠ ಮಾಡಿಸುವುದಕ್ಕಿಂತ ರಾಯಚೂರು ಸೀಮೆಯಲ್ಲೇ ಒರೆಗೆ ಹಚ್ಚುವುದು ಮೇಲು. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯ ಚಿನ್ನವನ್ನು ಯಾರೂ ಇನ್ವೆಂಟ್ ಮಾಡಲಿಲ್ಲ. ಅದು ಬಂಡೆಯೊಳಗೆ ಇತ್ತು, ಪ್ರಾಚೀನರು ಅದನ್ನು ಕಂಡು ಅಗೆದರು. ಸಯನೈಡ್ ದ್ರಾವಣದಲ್ಲಿ ಚಿನ್ನ ಕರಗುತ್ತದೆ ಎಂಬುದೂ ನಿಸರ್ಗದ ಗುಣ, ಅದನ್ನು ತಿಳಿದದ್ದು ಡಿಸ್ಕವರಿ. ಆದರೆ ಆ ಗುಣವನ್ನು ಬಳಸಿ ಅದಿರಿನಿಂದ ಚಿನ್ನ ತೆಗೆಯುವ ವಿಧಾನವನ್ನು 1887ರಲ್ಲಿ ಗ್ಲಾಸ್ಗೋದಲ್ಲಿ ಮೆಕಾರ್ಥರ್ ಮತ್ತು ಫಾರೆಸ್ಟ್ ಸಹೋದರರು ರೂಪಿಸಿದರು. ಅದು ಇನ್ವೆನ್ಷನ್.

ಅದೇ ಸೀಮೆಯ ಮಸ್ಕಿಯಲ್ಲಿ ಬಂಡೆಯ ಮೇಲಿರುವ ಅಶೋಕನ ಶಾಸನ ಈ ಸೂತ್ರವನ್ನೇ ಪ್ರಶ್ನಿಸುವಂತಿದೆ. 1915ರಲ್ಲಿ ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ಅದನ್ನು ಡಿಸ್ಕವರ್ ಮಾಡಿದರು ಎನ್ನುತ್ತೇವೆ. ಅಕ್ಷರ ಕೊರೆದದ್ದು ಮನುಷ್ಯನ ಕೈಯಲ್ಲವೇ ಎಂದು ಕೇಳಬಹುದು. ಹೌದು, ಆದರೆ ಬೀಡನ್ನರ ಕೈಯಲ್ಲ. ವಸ್ತು ಮನುಷ್ಯ ಮಾಡಿದ್ದೋ ನಿಸರ್ಗದ್ದೋ ಎಂಬುದು ಇಲ್ಲಿ ಮುಖ್ಯವಲ್ಲ. ಕಾಣುವ ಇಲ್ಲವೇ ಕಟ್ಟುವ ಕೆಲಸಕ್ಕೆ ಮೊದಲು ಅದು ಇತ್ತೇ ಎಂಬುದೇ ಮುಖ್ಯ. ಊರಿನವರು ದಿನವೂ ಆ ಬಂಡೆಯ ಬಳಿ ಓಡಾಡಿರಬೇಕಲ್ಲ, ಮತ್ತೆ ಯಾರೋ ಬಂದು ಡಿಸ್ಕವರ್ ಮಾಡುವುದೇನು ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಬಂಡೆಯ ಮಟ್ಟಿಗೆ ಅದು ನ್ಯಾಯವೇ. ಹೊಸದಾಗಿ ತಿಳಿದದ್ದು ಬಂಡೆಯಲ್ಲ, ಅದರ ಮಾತು. ಆಗ ತಿಳಿದಿದ್ದ ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದಷ್ಟೇ ಕರೆದುಕೊಂಡಿದ್ದ ದೊರೆ ಅಶೋಕನೇ ಎಂಬ ಊಹೆಗೆ ಇಲ್ಲಿ ಹೆಸರಿನ ಸಮೇತ ಆಧಾರ ಸಿಕ್ಕಿತು. ಯಾರಿಗೆ, ಏನು ತಿಳಿಯಿತು ಎಂದು ಹೇಳದೆ ಡಿಸ್ಕವರ್ ಎಂದರೆ ಸ್ಥಳೀಯರ ಅರಿವನ್ನು ಅಳಿಸಿದಂತಾಗುತ್ತದೆ.

ಸಿಂಧನೂರಿನ ಗದ್ದೆಗೆ ಬಂದರೆ ಗಡಿ ಮಸುಕಾಗುತ್ತದೆ. ಸೋನಾ ಮತ್ತು ಮಸೂರಿ ತಳಿಗಳನ್ನು ಕೂಡಿಸಿದ ಭತ್ತ ಸೋನಾ ಮಸೂರಿ. ಗುಣಗಳು ಮೊದಲೇ ಇದ್ದವು, ಆ ಜೋಡಣೆ ಇರಲಿಲ್ಲ. ಇಲ್ಲಿ ಎರಡು ಪದಗಳೂ ಸಾಲವು, ತಳಿ ಅಭಿವೃದ್ಧಿಪಡಿಸಿದರು ಎನ್ನುವುದೇ ಸರಿ. ನಡುವೆ ಇಂಥದ್ದೊಂದು ಇದೆಯೆಂದು ಭೇದವೇ ಸುಳ್ಳಾಗುವುದಿಲ್ಲ. ಸಂದರ್ಭದಿಂದ ಅರ್ಥವಾಗುವಾಗ ಇಷ್ಟು ತಕರಾರೇಕೆ ಎನ್ನುವವರಿಗೆ ನಮ್ಮ 1970ರ ಪೇಟೆಂಟ್ ಕಾಯ್ದೆಯೇ ಉತ್ತರ. ನಿಸರ್ಗದಲ್ಲಿರುವುದನ್ನು ಬರಿದೇ ಕಂಡದ್ದಕ್ಕೆ ಅದು ಪೇಟೆಂಟ್ ಕೊಡುವುದಿಲ್ಲ. ಬೀಜವೂ ತಳಿಯೂ ಅದರ ಹೊರಗೇ ಉಳಿದಿವೆ. ಎಲ್ಲರಿಗೂ ಸೇರಿದ್ದು ಯಾವುದು, ಒಬ್ಬನ ಹಕ್ಕು ಯಾವುದು ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಆದ್ದರಿಂದ ಈ ಭೇದವನ್ನು ವ್ಯಾಕರಣದ ಪಾಠವೆಂದಲ್ಲ, ನ್ಯಾಯದ ಪಾಠವೆಂದು ಕಲಿಸಬೇಕು.