ಎಂಬತ್ತರ ಲಾಕು

ಕಾರಿನ ಇಂಜಿನ್ನಿಗೊಂದು ಕಂಪ್ಯೂಟರ್ ಇರುತ್ತದೆ, ಅದರ ಸಾಫ್ಟ್‌ವೇರ್ ತಿದ್ದಿದರೆ ಗಾಡಿಯ ಕಸುವು ಹೆಚ್ಚುತ್ತದೆ ಎಂಬ ಮಾತು ಮೊದಲು ಕಾರಿನ ಹುಚ್ಚು ಹಿಡಿದ ಹುಡುಗರಲ್ಲಷ್ಟೇ ಇತ್ತು. ಈಗ ಅದು ಯೆರವಡಾದ ಚಹಾದಂಗಡಿಗೂ ಬಂದಿದೆ. ನಾನು ಇಲ್ಲಿನ ಐಟಿ ಪಾರ್ಕೊಂದರಲ್ಲಿ ಇದೇ ಜಾತಿಯ ಸಾಫ್ಟ್‌ವೇರ್ ಕೆಲಸ ಮಾಡುವವನು. ಹಾಗಾಗಿ ಗುಂಜನ್ ಚೌಕದ ಹತ್ತಿರ ಇಂಡಿ, ಸಿಂದಗಿ ಕಡೆಯ ಟ್ಯಾಕ್ಸಿ ಚಾಲಕರು ಸಿಕ್ಕರೆ ಕುಶಲ ವಿಚಾರಿಸಿದ ಮೇಲೆ ಬರುವ ಪ್ರಶ್ನೆ ಒಂದೇ: "ಸರ, ರೀಮ್ಯಾಪ್ ಮಾಡಿಸಿದ್ರ ಮೈಲೇಜ್ ಖರೇನ ಹೆಚ್ಚಾಗ್ತದೇನ್ರಿ?"

ಕೇಳಿದವರಲ್ಲಿ ಒಬ್ಬರನ್ನು ನಾನು ಕಾಕಾ ಎನ್ನುತ್ತೇನೆ. ಹಳದಿ ಬೋರ್ಡಿನ ಡೀಸೆಲ್ ಡಿಜೈರ್, ಕಂತು ಇನ್ನೂ ತೀರಿಲ್ಲ. ಗ್ಯಾರೇಜಿನವನೊಬ್ಬ ಅವರಿಗೆ ಮೂರು ಆಸೆ ತೋರಿಸಿದ್ದ: ಕಸುವು ಹೆಚ್ಚು, ಡೀಸೆಲ್ ಕಡಿಮೆ, ಜೊತೆಗೆ ಗಂಟೆಗೆ 80 ಕಿಲೋಮೀಟರಿನ ಲಾಕು ತೆಗೆದುಕೊಡುವುದು.

ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಇಸಿಯು ಎಂಬ ಆ ಪೆಟ್ಟಿಗೆಯೊಳಗೆ ಇರುವುದು ಕೋಷ್ಟಕಗಳು. ಇಂಜಿನ್ ಇಷ್ಟು ವೇಗವಾಗಿ ತಿರುಗುತ್ತಿದ್ದು, ಪೆಡಲನ್ನು ಇಷ್ಟು ಒತ್ತಿದ್ದರೆ ಎಷ್ಟು ಡೀಸೆಲ್ ಬಿಡಬೇಕು, ಯಾವ ಕ್ಷಣದಲ್ಲಿ, ಟರ್ಬೊ ಎಷ್ಟು ಗಾಳಿ ನೂಕಬೇಕು ಎಂಬ ಅಂಕಿಗಳು. ಇವಕ್ಕೇ ಮ್ಯಾಪ್ ಎನ್ನುತ್ತಾರೆ. ಟ್ಯೂನರ್ ಸ್ಟೀರಿಂಗ್ ಕೆಳಗಿನ ಒಬಿಡಿ ಸಾಕೆಟ್ಟಿಗೆ ತನ್ನ ಟೂಲ್ ಸಿಕ್ಕಿಸಿ ಫೈಲನ್ನು ಓದುತ್ತಾನೆ. ಲ್ಯಾಪ್‌ಟಾಪಿನಲ್ಲಿ ವಿನ್‌ಓಎಲ್‌ಎಸ್‌ನಂಥ ತಂತ್ರಾಂಶ ಬಳಸಿ ಅಂಕಿ ತಿದ್ದುತ್ತಾನೆ, ಚೆಕ್‌ಸಮ್ ಸರಿಮಾಡಿ ವಾಪಸ್ ಬರೆಯುತ್ತಾನೆ. ಬರೆಯುವ ಹೊತ್ತಿನಲ್ಲಿ ಬ್ಯಾಟರಿ ಕೈಕೊಟ್ಟರೆ ಗಾಡಿ ಸ್ಟಾರ್ಟೇ ಆಗದೆ ಹೋಗಬಹುದು.

ಹಾಗಾದರೆ ಕಸುವು ಹೆಚ್ಚುವುದು ಸುಳ್ಳೇ? ಸುಳ್ಳಲ್ಲ. ಕಂಪನಿಯವರು ಕೆಟ್ಟ ಡೀಸೆಲ್ಲಿಗೆ, ಮೇ ತಿಂಗಳ ಬಿಸಿಲಿಗೆ, ಸರ್ವಿಸ್ ತಪ್ಪಿಸುವ ಮಾಲೀಕನಿಗೆ ಎಂದು ಸ್ವಲ್ಪ ಜಾಗ ಉಳಿಸಿರುತ್ತಾರೆ. ಟ್ಯೂನರ್ ಮಾರುವುದು ಆ ಉಳಿಕೆಯನ್ನೇ. ಕಾಕಾನ ಗಾಡಿಯಲ್ಲಿರುವುದು ಫಿಯಾಟ್ ವಿನ್ಯಾಸದ 1,248 ಸಿಸಿ ಮಲ್ಟಿಜೆಟ್, 75 ಅಶ್ವಶಕ್ತಿಯದು. ನಮ್ಮ ಯೆರವಡಾದಿಂದ ನಗರ ರಸ್ತೆ ಹಿಡಿದು ಹೋದರೆ ಸಿಗುವ ರಂಜಣಗಾಂವ್‌ನ ಫಿಯಾಟ್ ಕಾರ್ಖಾನೆಯಲ್ಲೂ ಈ ಇಂಜಿನ್ ತಯಾರಾಗುತ್ತಿತ್ತು. ಇದೇ ಇಂಜಿನ್ ಲೀನಿಯಾದಲ್ಲಿ, ಸಿಯಾಜ್‌ನಲ್ಲಿ 90 ಅಶ್ವಶಕ್ತಿ ಕೊಡುತ್ತಿತ್ತು. ಆದರೆ ಅದಕ್ಕಾಗಿ ಬೇರೆ ಬಗೆಯ ಟರ್ಬೊವನ್ನೇ ಹಾಕಿದ್ದರು. ಗ್ಯಾರೇಜಿನವನು ಹಳೆಯ ಟರ್ಬೊ, ಹಳೆಯ ಕ್ಲಚ್ ಇಟ್ಟುಕೊಂಡೇ ಬರೀ ಅಂಕಿ ಬದಲಿಸಿ ಅಷ್ಟು ಕೊಡುತ್ತೇನೆ ಎನ್ನುತ್ತಾನೆ. ಲಕ್ಷಗಟ್ಟಲೆ ಕಿಲೋಮೀಟರ್ ಓಡಿದ ಟ್ಯಾಕ್ಸಿಗೆ ಆ ಹೆಚ್ಚಿನ ಬಿಸಿ, ಒತ್ತಡ ಎರಡೂ ಭಾರ.

ಮೈಲೇಜಿನ ವಿಷಯದಲ್ಲಿ ಡ್ಯಾಶ್‌ಬೋರ್ಡ್ ತೋರಿಸುವ ಅಂಕಿಯನ್ನು ನಂಬಬೇಡಿ. ಎಷ್ಟು ಡೀಸೆಲ್ ಬಿಟ್ಟೆ ಎಂದು ಇಸಿಯು ತಾನೇ ಹಾಕುವ ಲೆಕ್ಕ ಅದು. ಲೆಕ್ಕದ ಪುಸ್ತಕವನ್ನೇ ತಿದ್ದಿದ ಮೇಲೆ ಉತ್ತರವೂ ತಪ್ಪಬಹುದು. ಟ್ಯಾಂಕ್ ತುಂಬಿಸಿ, ಓಡಿಸಿ, ಮತ್ತೆ ತುಂಬಿಸಿ ನೋಡುವುದೇ ಖಾತ್ರಿಯ ದಾರಿ.

ಇನ್ನು ಗಾಳಿಯ ಮಾತು. ಹೊಗೆಯ ಒಂದು ಪಾಲನ್ನು ಮರಳಿ ಇಂಜಿನ್ನಿಗೆ ಕಳಿಸುವ ಇಜಿಆರ್ ವ್ಯವಸ್ಥೆಯನ್ನೂ ಕೆಲವರು ಸಾಫ್ಟ್‌ವೇರಿನಲ್ಲೇ ಬಂದ್ ಮಾಡಿಕೊಡುತ್ತಾರೆ. ಇಂಜಿನ್ನಿನಲ್ಲಿ ಮಸಿ ಕಟ್ಟುವುದು ಕಡಿಮೆಯಾಗುತ್ತದೆ, ಆದರೆ ನೈಟ್ರೋಜನ್ ಆಕ್ಸೈಡ್ ಹೆಚ್ಚುತ್ತದೆ. ಪಿಯುಸಿ ಕೇಂದ್ರದಲ್ಲಿ ಡೀಸೆಲ್ ಗಾಡಿಯ ಹೊಗೆ ಎಷ್ಟು ದಟ್ಟ ಎಂದಷ್ಟೇ ಅಳೆಯುವುದರಿಂದ ಅದು ಸಿಕ್ಕಿಬೀಳುವುದಿಲ್ಲ. 2015ರಲ್ಲಿ ಫೋಕ್ಸ್‌ವ್ಯಾಗನ್ ಜಗತ್ತಿನ ಮುಂದೆ ತಲೆತಗ್ಗಿಸಿದ್ದೂ ಈ ಅನಿಲದ ವಿಷಯಕ್ಕೇ. ಪರೀಕ್ಷೆಯಲ್ಲಿ ಒಂದು ನಡತೆ, ರಸ್ತೆಯಲ್ಲಿ ಇನ್ನೊಂದು. ಭಾರತದಲ್ಲಿ ಆ ಗಾಡಿಗಳನ್ನು ಪರೀಕ್ಷಿಸಿದ್ದು ಪುಣೆಯದೇ ಸಂಸ್ಥೆಯಾದ ಎಆರ್‌ಎಐ. ಆಮೇಲೆ ಇಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಸಾಫ್ಟ್‌ವೇರ್ ಸರಿಪಡಿಸಲು ವಾಪಸ್ ಕರೆಯಬೇಕಾಯಿತು. ಚೌಕದ ಸಿಗ್ನಲ್ಲಿನಲ್ಲಿ ಹೂವು ಮಾರುವ ಹುಡುಗಿ ಉಸಿರಾಡುವುದು ಇದೇ ಗಾಳಿಯನ್ನು.

ಕಾನೂನೂ ಸುಮ್ಮನಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದೆ ಗಾಡಿ ಮಾರ್ಪಡಿಸಿದ ಮಾಲೀಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ವಿಮೆಯವರಿಗೆ ತಿಳಿಸದ ಬದಲಾವಣೆ ಅಪಘಾತದ ದಿನ ಕ್ಲೇಮಿಗೆ ಅಡ್ಡ ಬರಬಹುದು.

ಎಲ್ಲ ಕೇಳಿದ ಕಾಕಾ ಹೇಳಿದ್ದು ಇಷ್ಟು: "ಎತ್ತಿನ ಕಸುವೆಲ್ಲ ಒಂದ ದಿನ ತಗದ್ರ ನಾಳಿ ಗಳೆ ಯಾರ ಹೊಡಿತಾರ್ರಿ? ಟರ್ಬೊ ಹೋದ್ರ ನನ್ನ ಎರಡು ತಿಂಗಳ ದುಡಿಮಿ ಹೋತು. ಕಸುವು ಬ್ಯಾಡ, ಮೈಲೇಜೂ ಬ್ಯಾಡ. ಆದ್ರ ಈ ಎಂಬತ್ತರದ್ದು ಏನ್ ಮಾಡ್ಲಿ?"

ಇದಕ್ಕೆ ಮಾತ್ರ ನನ್ನ ಹತ್ತಿರ ಸುಲಭದ ಉತ್ತರ ಇರಲಿಲ್ಲ. ಟ್ಯಾಕ್ಸಿಗಳಿಗೆ ಆ ಮಿತಿ ಇರುವುದು ಕಾನೂನಿನಿಂದ, ರಸ್ತೆಯಲ್ಲಿರುವ ಎಲ್ಲರ ಜೀವಕ್ಕಾಗಿ. ಆದರೆ ಕಾಕಾಗೆ ಅದನ್ನು ತೆಗೆಸುವ ಆಸೆ ಹುಟ್ಟಿದ್ದು ವೇಗದ ಮೋಹದಿಂದಲ್ಲ. ಮುಂಬೈ ವಿಮಾನ ನಿಲ್ದಾಣಕ್ಕೆ ತಡವಾಗಿ ಹೊರಟ ಗಿರಾಕಿ ಹಿಂದೆ ಕೂತು "ಗಾಡಿ ಓಡುವುದೇ ಇಲ್ಲವಲ್ಲ" ಎಂದು ಗೊಣಗುತ್ತಾನೆ, ಇಳಿದ ಮೇಲೆ ಎರಡು ಸ್ಟಾರ್ ಒತ್ತುತ್ತಾನೆ. ರೇಟಿಂಗ್ ಇಳಿದರೆ ಟ್ರಿಪ್ಪೂ ಕಡಿಮೆ.

ಆ ಹಿಂದಿನ ಸೀಟಿನಲ್ಲಿ ಕೂರುವವರು ಬೇರೆ ಯಾರೂ ಅಲ್ಲ, ಪುಣೆ, ಮುಂಬೈ, ಬೆಂಗಳೂರುಗಳಲ್ಲಿರುವ ನಾನು, ನೀವು. ಗ್ಯಾರೇಜಿನವನ ಟೂಲಿಗೆ ಗಿರಾಕಿ ಹುಟ್ಟಿಸುವುದು ನಮ್ಮ ಅವಸರವೇ. ಮುಂದಿನ ಸಲ ಟ್ಯಾಕ್ಸಿ ಎಂಬತ್ತಕ್ಕೆ ನಿಂತರೆ ಮನೆಯಿಂದ ಅರ್ಧ ಗಂಟೆ ಮೊದಲೇ ಹೊರಡಬೇಕಿತ್ತು ಎಂದುಕೊಳ್ಳೋಣ, ಐದೂ ಸ್ಟಾರ್ ಕೊಡೋಣ. ಕಾಕಾನ ಗಾಡಿಯ ಲಾಕು ಈಗಲೂ ಹಾಗೇ ಇದೆ. ಅದನ್ನು ಹಾಗೇ ಉಳಿಸುವುದು ಅವರೊಬ್ಬರ ಕೈಯಲ್ಲಿಲ್ಲ.