ಮಳೆಯ ಬಾಬ್ತು

ದೀಪ ಹಚ್ಚಿದ ಮೇಲೆ ಹಾವಿನ ಹೆಸರು ಎತ್ತಬಾರದು, ಸೂಜಿಯನ್ನು ಕೇಳಬಾರದು ಎಂಬ ಕಟ್ಟುಪಾಡು ಹಲವು ಮನೆಗಳಲ್ಲಿ ಉಂಟು. ನಮ್ಮ ಮನೆಯ ಪಟ್ಟಿಯಲ್ಲಿ ಇನ್ನೊಂದು ಶಬ್ದ ಹೆಚ್ಚಾಗಿತ್ತು. ಅದು ‘ನಿರ್ಮಾಪಕ.’

1972ರಲ್ಲಿ ನಮ್ಮ ತಂದೆಯವರು ಸಿನಿಮಾ ತೆಗೆದರು. ತೆಗೆದರು ಎಂಬುದು ಲೋಕರೂಢಿಯ ಮಾತು. ಅವರು ನಿಜವಾಗಿ ತೆಗೆದದ್ದು ತಿಪಟೂರಿನ ಬಳಿಯ ತೆಂಗಿನ ತೋಟವನ್ನು, ಅನಂತರ ನಮ್ಮ ತಾಯಿಯ ಕಾಸಿನ ಸರವನ್ನು. ಚಿತ್ರ ಮುಕ್ಕಾಲು ಪಾಲು ಮುಗಿಯಿತು. ಅದರ ನೆಗೆಟಿವ್ ಮದರಾಸಿನ ಒಂದು ಲ್ಯಾಬೊರೇಟರಿಯಲ್ಲಿ, ಬಾಕಿ ತೀರುವ ತನಕ, ಒತ್ತೆಯ ಒಡವೆಯಂತೆ ಉಳಿಯಿತು. ಬಾಕಿ ತೀರಲಿಲ್ಲ, ಚಿತ್ರ ಬರಲಿಲ್ಲ. ಆಗ ನನಗೆ ಹತ್ತು ವರ್ಷ. ಮುಂದೆ ನಾನು ಬ್ಯಾಂಕು ಸೇರಿ, ಸಾಲ ಕೇಳುವವರ ಎದುರಿನ ಕುರ್ಚಿಯಲ್ಲಿ ಜೀವಮಾನ ಕಳೆದುದಕ್ಕೆ ಇದೇ ಕಾರಣವಿದ್ದರೂ ಇರಬಹುದು.

ಹೀಗಿರುವಲ್ಲಿ, ಬಿ.ಕಾಂ. ಮುಗಿಸಿ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ಕೆಲಸಕ್ಕಿದ್ದ ನನ್ನ ಮಗಳು ಒಂದು ರಾತ್ರಿ ಊಟಕ್ಕೆ ಕುಳಿತಾಗಲೇ, “ಅಪ್ಪಾ, ನಾನು ಪ್ರೊಡ್ಯೂಸಿಂಗ್ ಓದಬೇಕು ಅಂತಿದ್ದೀನಿ” ಎಂದಳು. ನಮ್ಮಾಕೆಯ ಕೈಯ ಸೌಟು ಸಾರಿನ ಪಾತ್ರೆಯಲ್ಲೇ ನಿಂತಿತು.

“ಸಾಲ ಮಾಡೋದನ್ನೂ ಈಗ ಕಾಲೇಜಿನಲ್ಲಿ ಕಲಿಸ್ತಾರೇನಮ್ಮ?” ಎಂದೆ.

“ಎಷ್ಟು ಮಾಡಬಹುದು, ಎಲ್ಲಿ ನಿಲ್ಲಿಸಬೇಕು ಅನ್ನೋದನ್ನ ಕಲಿಸ್ತಾರಪ್ಪಾ” ಎಂದಳು.

ಅವಳು ಹೇಳಿದುದು ಕಲ್ಕತ್ತೆಯ ಸಂಸ್ಥೆಯ ಮಾತು. 1995ರಲ್ಲಿ ಕೇಂದ್ರ ಸರಕಾರ ಸತ್ಯಜಿತ್ ರಾಯ್ ಅವರ ಹೆಸರಿನಲ್ಲಿ ತೆರೆದದ್ದು. ನಿರ್ದೇಶನ, ಛಾಯಾಗ್ರಹಣ, ಸಂಕಲನ, ಧ್ವನಿ ಇವುಗಳ ಜೊತೆಗೆ ಚಲನಚಿತ್ರ ಮತ್ತು ದೂರದರ್ಶನದ ನಿರ್ಮಾಣವೂ ಅಲ್ಲಿ ಮೂರು ವರ್ಷದ ಸ್ನಾತಕೋತ್ತರ ವ್ಯಾಸಂಗ. ನಿರ್ಮಾಪಕನಿಗೆ ಬೇಕಾದದ್ದು ಹಣದ ಚೀಲ, ಹೆಚ್ಚೆಂದರೆ ಧೈರ್ಯ ಎಂದು ತಿಳಿದಿದ್ದ ನನಗೆ, ಅದಕ್ಕೆ ಪರೀಕ್ಷೆಯೂ ಉಂಟೆಂಬುದು ವಿಚಿತ್ರವಾಗಿ ಕಂಡಿತು.

ಆ ಹೆಸರಿನ ಮಹನೀಯರ ಕಥೆಯಾದರೂ ಏನು? 1952ರಲ್ಲಿ ‘ಪಥೇರ್ ಪಾಂಚಾಲಿ’ಯ ಚಿತ್ರೀಕರಣ ಆರಂಭಿಸಿದ ರಾಯ್ ಅವರು ಹಣ ಮುಗಿದಾಗ ಹೆಂಡತಿಯ ಒಡವೆ ಅಡವಿಟ್ಟರು, ಕೊನೆಗೆ ಪಶ್ಚಿಮ ಬಂಗಾಳದ ಸರಕಾರ ಹಣ ಕೊಟ್ಟದ್ದರಿಂದ 1955ರಲ್ಲಿ ಚಿತ್ರ ಹೊರಬಂತು. ಅದಕ್ಕೂ ಹಿಂದೆ, 1913ರ ‘ರಾಜಾ ಹರಿಶ್ಚಂದ್ರ’ಕ್ಕಾಗಿ ದುಡಿದವರಿಗೆಲ್ಲ ಅಡುಗೆ ಮಾಡಿ ಬಡಿಸಿದಾಕೆ ಫಾಲ್ಕೆಯವರ ಪತ್ನಿ ಸರಸ್ವತೀಬಾಯಿ, ಆಕೆಯ ಒಡವೆಯೂ ಆ ಕೆಲಸಕ್ಕೇ ಹೋಯಿತು. ನಮ್ಮ ದೇಶದ ಚಲನಚಿತ್ರ ನಿಂತಿರುವುದು ಹೆಂಗಸರ ಕೊರಳಿನ ಮೇಲೆ ಎಂದರೆ ಅತಿಶಯೋಕ್ತಿಯಾಗದು. ನನ್ನ ಮಗಳಿಗೆ ಇದನ್ನೇ ಹೇಳಿದೆ.

ಅವಳು ಬೇರೆ ಸಾಕ್ಷಿಗಳನ್ನು ಕರೆದಳು. 1960ರಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು, ಜಿ.ವಿ. ಅಯ್ಯರ್ ಮೊದಲಾದವರು ತಾವೇ ಸಂಘ ಕಟ್ಟಿ ‘ರಣಧೀರ ಕಂಠೀರವ’ ಮಾಡಲಿಲ್ಲವೆ? 1976ರ ‘ಮಂಥನ್’ಗೆ ಗುಜರಾತಿನ 5 ಲಕ್ಷ ಹೈನುಗಾರರು ತಲೆಗೆ 2 ರೂಪಾಯಿಯಂತೆ ಹಾಕಲಿಲ್ಲವೆ? “ಯಾರ ಸರವೂ ಹೋಗಲಿಲ್ಲವಲ್ಲಪ್ಪಾ” ಎಂದಳು.

ಆಮೇಲೆ ಮೇಜಿನ ಮೇಲೆ ಹಾಳೆ ಹರಡಿ ಪಾಠವನ್ನೇ ಮಾಡಿದಳು. ಚಿತ್ರಕಥೆಯನ್ನು ದೃಶ್ಯ ದೃಶ್ಯವಾಗಿ ಬಿಡಿಸಬೇಕು. ಒಂದೇ ಜಾಗದ ದೃಶ್ಯಗಳು ಕಥೆಯಲ್ಲಿ ಎಲ್ಲೇ ಬರಲಿ, ಒಟ್ಟಿಗೆ ಚಿತ್ರಿಸಬೇಕು. ಯಾವ ನಟ ಎಷ್ಟು ದಿನ, ಯಾವ ವಾಹನ ಎಷ್ಟು ಮೈಲಿ, ಎಷ್ಟು ಎಲೆ ಊಟ, ಎಲ್ಲ ಮೊದಲೇ ಗೊತ್ತಾಗಬೇಕು. ಕಥೆಯ ಹಕ್ಕಿಗೆ ಕರಾರುಪತ್ರ, ಸಲಕರಣೆಗೆ ವಿಮೆ, ಮುಗಿದ ಮೇಲೆ ಪ್ರಮಾಣಪತ್ರ, ಚಿತ್ರಮಂದಿರ, ಟೆಲಿವಿಷನ್ನಿನ ಹಕ್ಕು. ಕಟ್ಟಕಡೆಗೆ, ಒಟ್ಟು ಖರ್ಚಿನ ಮೇಲೆ ನೂರಕ್ಕೆ ಹತ್ತರಂತೆ, ಕಾಣದ ಖರ್ಚಿಗೆಂದು ತೆಗೆದಿಡಬೇಕು.

“ಕಾಣದ ಖರ್ಚು ಎಂದರೆ?”

“ಮಳೆ ಬಂದರೆ?” ಎಂದಳು.

ನಾನು ಎದ್ದು ಅಟ್ಟದಿಂದ ಕೆಂಪು ರಟ್ಟಿನ ಪುಸ್ತಕವನ್ನು ಇಳಿಸಿದೆ. ತಂದೆಯವರ ಸಿನಿಮಾ ಲೆಕ್ಕ. ತಾಯಿ ಕಾಲವಾಗುವ ಮುನ್ನ ಕೊಟ್ಟಿದ್ದಳು, ನಾನು ತೆರೆದಿರಲಿಲ್ಲ. ತಂದೆಯ ದಡ್ಡತನವನ್ನು ಅಂಕಿಗಳಲ್ಲಿ ನೋಡುವುದು ಮಗನಾದವನಿಗೆ ಕಷ್ಟ.

ಇಬ್ಬರೂ ಓದಿದೆವು. ಜೂನ್ ತಿಂಗಳು, ತೀರ್ಥಹಳ್ಳಿಯ ಕಡೆ ಹೊರಾಂಗಣ. “ಜೂನಿನಲ್ಲಿ ಮಲೆನಾಡಿಗೆ ಯಾಕೆ ಹೋದರು ತಾತ?” ಎಂದು ಮಗಳು ಗಾಬರಿಯಾದಳು. ಹಿಂದಿನ ಪುಟದಲ್ಲೇ ಉತ್ತರವಿತ್ತು. ಕಥಾನಾಯಕನ ಪಾತ್ರಧಾರಿಗೆ ಬಿಡುವಿದ್ದದ್ದು ಆ ತಿಂಗಳು ಮಾತ್ರ. ಅನಂತರ ಹನ್ನೊಂದು ದಿನ ಒಂದೇ ಬರಹ: ‘ಮಳೆ. ಕೆಲಸವಿಲ್ಲ. ಊಟ 42 ಜನ. ಲೈಟಿನ ಹುಡುಗರ ಬಟವಾಡೆ ಪೂರ್ತಿ.’ ಕೊನೆಯ ಸಾಲು: ‘ಮನೆಗೆ — ಮುಂದಿನ ತಿಂಗಳು.’

ಆ ‘ಮುಂದಿನ ತಿಂಗಳು’ ನನಗೆ ನೆನಪಿದೆ. ಫೀಸು ಕಟ್ಟದ ಹುಡುಗನೆಂದು ತರಗತಿಯ ಹೊರಗೆ ನಿಂತಿದ್ದೆ. ಅರ್ಧ ಶತಮಾನದ ಸಿಟ್ಟು ಒಮ್ಮೆಲೇ ಗಂಟಲಿಗೆ ಬಂತು. ಆದರೆ ಲೈಟಿನ ಹುಡುಗರಿಗೂ ಮನೆಯಿತ್ತು, ಮಕ್ಕಳಿದ್ದಿರಬಹುದು. ಅವರಾರೂ ತರಗತಿಯ ಹೊರಗೆ ನಿಲ್ಲದಿರಲೆಂದು ನಾನು ನಿಂತೆನೋ ಏನೋ! ಇದು ನ್ಯಾಯವೆ? ನನಗೆ ಈಗಲೂ ತೀರ್ಮಾನವಾಗಿಲ್ಲ.

“ಮಳೆಗೆ ಒಂದು ಬಾಬ್ತು ಇಟ್ಟಿದ್ದರೆ ಇಬ್ಬರಿಗೂ ಕೊಡಬಹುದಿತ್ತಪ್ಪಾ” ಎಂದಳು ಮಗಳು ಮೆಲ್ಲಗೆ. ಅಷ್ಟರಿಂದಲೇ ಚಿತ್ರ ಉಳಿಯುತ್ತಿತ್ತೆಂದು ನಾನು ಹೇಳಲಾರೆ; ಪುಸ್ತಕದ ಕೊನೆಯಲ್ಲಿದ್ದ ಬಡ್ಡಿಯ ಲೆಕ್ಕವನ್ನು ನಾನು ನೋಡಿದ್ದೇನೆ. ಆದರೆ ಅವಳು ಕಲಿಯಹೊರಟದ್ದು ಏನೆಂಬುದು ಆಗ ತಿಳಿಯಿತು.

ಪ್ರವೇಶ ಪರೀಕ್ಷೆ, ಸಂದರ್ಶನ ಎಲ್ಲ ಮುಗಿದು ಅವಳಿಗೆ ಸ್ಥಳ ಸಿಕ್ಕಿತು. ಹೊರಡುವ ಹಿಂದಿನ ರಾತ್ರಿ, ಚಟ್ನಿಪುಡಿಯ ಡಬ್ಬಿಗಳ ನಡುವೆ ಆ ಕೆಂಪು ಪುಸ್ತಕವೂ ಪೆಟ್ಟಿಗೆ ಸೇರಿತು. ಹರಿದಿದ್ದ ರಟ್ಟಿಗೆ ಬಿಳಿಯ ಚೀಟಿ ಅಂಟಿಸಿ ತಾತನ ಹೆಸರು ಬರೆದು, “ಅಪ್ಪಾ, ಕೆಳಗೆ ಏನಂತ ಬರೀಲಿ?” ಎಂದು ಕೇಳಿದಳು.

ಎಲೆ ಹಾಕಿತ್ತು. ದೀಪವೂ ಹಚ್ಚಿತ್ತು.

“ನಿರ್ಮಾಪಕರು ಅಂತ ಬರಿ” ಎಂದೆ.

ಯಾರೂ ಏನೂ ಅನ್ನಲಿಲ್ಲ. ನಮ್ಮಾಕೆ ಸಾರು ಬಡಿಸಿದಳು.